ಕುದ್ಮುಲ್ ರಂಗರಾಯರ ಶಾಲೆ ಮತ್ತು ನನ್ನ 17ನೆಯ ಪಾಠ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಮಾಕಳಿಯಿಂದ ತುಮಕೂರು ರಸ್ತೆಯಲ್ಲಿ ಸ್ವಲ್ಪ ಮುಂದಕ್ಕಿರುವ ಒಂದು ಅನುದಾನಿತ ಪ್ರೌಢಶಾಲೆ. ಅದನ್ನು ನಡೆಸುವುದು ಒಂದು ಧಾರ್ಮಿಕ ಟ್ರಸ್ಟು, ಶಿಕ್ಷಕರ ಸಂಬಳ ಕೊಡುವುದು ಸರ್ಕಾರ. ನಮ್ಮ ಮನೆಯೂ ಮಾಕಳಿಯಲ್ಲೇ ಇರುವುದರಿಂದ ನಡೆದೇ ಹೋಗಿ ಬರುತ್ತಿದ್ದೆ. ಆ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಸುತ್ತಲಿನ ಕಾರ್ಖಾನೆ, ಗೋಡೌನುಗಳಲ್ಲಿ ದುಡಿಯಲು ಬಂದವರ ಮಕ್ಕಳು. ರಾಯಚೂರು, ಕಲಬುರಗಿ ಕಡೆಯವರಿದ್ದಾರೆ, ಬಿಹಾರದವರೂ ಇದ್ದಾರೆ. ಹತ್ತಿರದ ಶಾಲೆ ಇದೇ ಆದ್ದರಿಂದ ಸೇರಿದ್ದಾರೆಯೇ ಹೊರತು ಟ್ರಸ್ಟಿನ ಧರ್ಮ ನೋಡಿ ಸೇರಿದವರಲ್ಲ.

ಎರಡನೆಯ ವಾರ ಪ್ರಾರ್ಥನೆಯ ಜವಾಬ್ದಾರಿ ನನ್ನ ಪಾಲಿಗೆ ಬಂತು. 8ನೆಯ ತರಗತಿಯ ಸಾಲಿನಲ್ಲಿ ಒಬ್ಬ ಹುಡುಗ ಕೈ ಇಳಿಬಿಟ್ಟು, ಬಾಯಿ ಮುಚ್ಚಿಕೊಂಡು ನಿಂತಿದ್ದ. ಶಿಸ್ತು ಕಲಿಸುವ ಹುಮ್ಮಸ್ಸಿನಲ್ಲಿ ಅವನನ್ನು ಮುಂದಕ್ಕೆ ಕರೆದು, ಎಲ್ಲರೆದುರು ಕೈಮುಗಿಯಲು ಹೇಳಿದೆ. ಅವನು ಕೈಮುಗಿದ, ಬಾಯಿ ಮಾತ್ರ ತೆರೆಯಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಸ್ಟಾಫ್‌ರೂಮಿಗೆ ಬಂದ ಮೇಲೆ ಹಿರಿಯ ಮೇಡಂ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಅವನ ಮನೆಯ ಪ್ರಾರ್ಥನೆ ಬೇರೆ, ನಾವು ಅವನನ್ನು ಹಾಗೇ ಬಿಟ್ಟಿದ್ದೇವೆ, ನೆಟ್ಟಗೆ ನಿಂತು ಗಲಾಟೆ ಮಾಡದಿದ್ದರೆ ಸಾಕು ಎಂದು ಮೆಲ್ಲಗೆ ಹೇಳಿದರು. ಶಾಲೆಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಹುಡುಗನ ಮನೆಯ ಧರ್ಮ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅದು ಯಾವುದಾಗಿದ್ದರೂ ನನ್ನ ತಪ್ಪು ಅಷ್ಟೇ ದೊಡ್ಡದು.

ಸಂಜೆ ನಮ್ಮ ಮೇಲ್ವಿಚಾರಕರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಬಾಕಿ ಇರುವ ಸಮಾಜ ವಿಜ್ಞಾನದ ಪಾಠಗಳಲ್ಲಿ ಒಂದನ್ನು ಜೀವನಚರಿತ್ರೆಯ ಮೂಲಕ ಮಾಡು, ಶಾಲೆ ಯಾರದು ಎಂಬ ಪ್ರಶ್ನೆಯನ್ನು ತನ್ನ ಬದುಕಿನಲ್ಲೇ ಎದುರಿಸಿದ ಒಬ್ಬರನ್ನು ಹುಡುಕು ಎಂದರು. ನಾನು ಕುದ್ಮುಲ್ ರಂಗರಾಯರನ್ನು ಆರಿಸಿಕೊಂಡೆ. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿರುವುದು ಬಿಟ್ಟರೆ ನನಗೆ ಅವರ ಬಗ್ಗೆ ಹೆಚ್ಚೇನೂ ತಿಳಿದಿರಲಿಲ್ಲ. ಪಾಠಕ್ಕಾಗಿ ಓದಿದ್ದನ್ನು, ಓದಿ ನನ್ನಲ್ಲಿ ಬದಲಾದದ್ದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ರಂಗರಾಯರಿಗೆ ಮೊದಲು

ಅವರ ಬದುಕಿಗೆ ಹೋಗುವ ಮುನ್ನ ಧಾರವಾಡದಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ಪಾಠದ ಪೀಠಿಕೆಯಲ್ಲೂ ನಾನು ಇದನ್ನೇ ಹೇಳಿದ್ದು.

1854ರಲ್ಲಿ ಬ್ರಿಟನ್ನಿನಿಂದ ವುಡ್ಸ್ ಡೆಸ್ಪ್ಯಾಚ್ ಬಂತು. ನಮ್ಮ ಬಿ.ಇಡಿ. ಪಠ್ಯದಲ್ಲಿ ಎಲ್ಲರೂ ಅದನ್ನು ಬಾಯಿಪಾಠ ಮಾಡಿರುತ್ತೇವೆ. ಸರ್ಕಾರಿ ಶಾಲೆಗಳಲ್ಲಿ ಧರ್ಮಬೋಧನೆ ಇರಕೂಡದು, ಖಾಸಗಿ ಶಾಲೆಗಳಿಗೆ, ಮಿಷನರಿಗಳ ಶಾಲೆಗಳನ್ನೂ ಸೇರಿಸಿ, ಲೌಕಿಕ ವಿಷಯಗಳ ಬೋಧನೆ ಚೆನ್ನಾಗಿದ್ದರೆ ಅನುದಾನ ಕೊಡಬಹುದು, ಅಲ್ಲಿನ ಧರ್ಮಬೋಧನೆಯ ಕಡೆ ಸರ್ಕಾರ ನೋಡುವುದಿಲ್ಲ ಎಂಬುದು ಅದರ ನೀತಿ. ಇಂದಿನ ಅನುದಾನಿತ ಶಾಲೆಯ ಬೇರು ಅಲ್ಲಿದೆ.

ಎರಡೇ ವರ್ಷದ ನಂತರ, 1856ರಲ್ಲಿ, ಮಹಾರ್ ಜಾತಿಯ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಬಿಟ್ಟುಹೋಗಿ ಶಾಲೆಯೇ ನಿರುಪಯೋಗಿಯಾಗುತ್ತದೆ ಎಂದು ಮುಂಬಯಿ ಸರ್ಕಾರ ಕೈಚೆಲ್ಲಿತು. ಕಲಕತ್ತೆಯ ಗವರ್ನರ್ ಜನರಲ್ ಮಂಡಳಿಯೂ ಲಂಡನ್ನಿನ ನಿರ್ದೇಶಕರೂ ಹುಡುಗನನ್ನು ತಡೆದದ್ದು ಸರಿಯಲ್ಲ ಎಂಬ ನಿಲುವು ತಾಳಿದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಊರುಗಳಲ್ಲಿ ಅದು ಮತ್ತೆ ಎಷ್ಟೋ ದಶಕ ಮುಚ್ಚಿಯೇ ಇತ್ತು.

ಇದನ್ನು ಓದಿದಾಗ ನನ್ನ ಒಂದು ನಂಬಿಕೆ ಅಲ್ಲಾಡಿತು. ಧರ್ಮಬೋಧನೆ ಇಲ್ಲದ ಶಾಲೆ ಎಂದರೆ ತಾನಾಗಿಯೇ ಎಲ್ಲರ ಶಾಲೆ ಎಂದು ತಿಳಿದಿದ್ದೆ. ಧಾರವಾಡದ ಆ ಶಾಲೆಯ ಪಠ್ಯದಲ್ಲಿ ಧರ್ಮ ಇರಲಿಲ್ಲ, ಬಾಗಿಲಲ್ಲಿ ಜಾತಿ ಇತ್ತು. ಅದೇ ಕಾಲದಲ್ಲಿ ಬೈಬಲ್ ಬೋಧಿಸುತ್ತಿದ್ದ ಮಿಷನ್ ಶಾಲೆಗಳು ತಳದ ಜಾತಿಯ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದವು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕರಾವಳಿಯಲ್ಲಿ ಎಷ್ಟೋ ಮನೆಗಳಿಗೆ ಅಕ್ಷರ ಮೊದಲು ತಲುಪಿದ್ದು ಆ ದಾರಿಯಿಂದ. ಆದರೆ ಆ ದಾರಿಯ ಕೊನೆಯಲ್ಲಿ ಧರ್ಮ ಬದಲಿಸುವ ಕರೆಯೂ ಇರುತ್ತಿತ್ತು.

ಒಂದು ಕಡೆ ಮುಚ್ಚಿದ ಸರ್ಕಾರಿ ಬಾಗಿಲು, ಇನ್ನೊಂದು ಕಡೆ ತೆರೆದ ಮಿಷನ್ ಬಾಗಿಲು. ರಂಗರಾಯರು ಬೆಳೆದದ್ದು ಈ ಎರಡರ ನಡುವಿನ ಊರಿನಲ್ಲಿ.

ಕುದ್ಮುಲ್‌ನಿಂದ ಮಂಗಳೂರಿಗೆ

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ತಾಲ್ಲೂಕಿನ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಆಗ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಸಾರಸ್ವತ ಬ್ರಾಹ್ಮಣ ಕುಟುಂಬ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡರು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದು, ಸಣ್ಣ ಸಂಬಳಕ್ಕೆ ಪ್ರಾಥಮಿಕ ಶಾಲೆಯ ಮೇಷ್ಟರಾದರು. ನಮ್ಮ ಓದುಗರಿಗೆ ಇದು ಮುಖ್ಯ: ಅವರು ಮೊದಲು ಶಿಕ್ಷಕರು, ಆಮೇಲೆ ವಕೀಲರು. ಮೇಷ್ಟರಾಗಿದ್ದುಕೊಂಡೇ ಖಾಸಗಿಯಾಗಿ ಓದಿ ಮೆಟ್ರಿಕ್ಯುಲೇಷನ್ ಮಾಡಿದರು, ಪ್ಲೀಡರ್ ಪರೀಕ್ಷೆ ಮುಗಿಸಿದರು, ಮಂಗಳೂರಿನ ಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. ಬಡವರ ವಕೀಲರೆಂದು ಹೆಸರಾದರು.

ಮಂಗಳೂರಿನಲ್ಲಿ 1870ರಲ್ಲೇ ಬ್ರಹ್ಮಸಮಾಜದ ಶಾಖೆ ಹುಟ್ಟಿತ್ತು. ಉಳ್ಳಾಲ ರಘುನಾಥಯ್ಯನವರು ಅದರ ಮುಂದಾಳುಗಳಲ್ಲಿ ಒಬ್ಬರು. ದೇವರು ಒಬ್ಬನೇ, ಮೂರ್ತಿ ಬೇಡ, ಹುಟ್ಟಿನಿಂದ ಮೇಲು ಕೀಳು ಇಲ್ಲ ಎಂಬ ಆ ಪಂಥದ ಮಾತು ರಂಗರಾಯರಿಗೆ ಹಿಡಿಸಿತು. ಅವರು ಬ್ರಹ್ಮಸಮಾಜ ಸೇರಿದರು. ಮುಂದೆ ಅವರು ಮಾಡಿದ್ದೆಲ್ಲ ಈ ನಂಬಿಕೆಯಿಂದ ಹೊರಟದ್ದು. ಅವರು ಧರ್ಮವನ್ನು ಬದಿಗಿಟ್ಟು ಕೆಲಸ ಮಾಡಿದವರಲ್ಲ, ಧರ್ಮದಿಂದಲೇ ಕೆಲಸಕ್ಕಿಳಿದವರು. ಪಾಠಯೋಜನೆ ಬರೆಯುವಾಗ ಇದನ್ನು ಮರೆಮಾಚದಂತೆ ನಾನು ಎಚ್ಚರ ವಹಿಸಿದೆ. ಅವರನ್ನು ಧರ್ಮದ ಸಂಗವೇ ಇಲ್ಲದ ಸುಧಾರಕರನ್ನಾಗಿ ತೋರಿಸುವುದು ಸುಲಭ, ಆದರೆ ಸುಳ್ಳು.

ಮಂಗಳೂರು ಕಡೆ ಒಂದು ಪ್ರಸಂಗ ಹೇಳುತ್ತಾರೆ. ನಾಲ್ಕನೆಯ ತರಗತಿವರೆಗೆ ಓದಿದ ಒಬ್ಬ ದಲಿತ ಯುವಕನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು. ಮೇಲ್ಜಾತಿಯವರು ಅವನ ಜೊತೆ ಕೆಲಸ ಮಾಡಲು ಒಪ್ಪದೆ ರಂಪ ಮಾಡಿದರು. ನ್ಯಾಯ ಕೊಡುವ ಕಟ್ಟಡದೊಳಗೇ ಇದು ನಡೆದದ್ದನ್ನು ಕಂಡ ವಕೀಲ ರಂಗರಾಯರು, ಕಾನೂನಿನ ಪುಸ್ತಕ ಒಂದರಿಂದಲೇ ಇದು ಹೋಗುವುದಿಲ್ಲ, ಶಾಲೆಯಿಂದ ಆರಂಭಿಸಬೇಕು ಎಂಬ ತೀರ್ಮಾನಕ್ಕೆ ಬಂದರು ಎನ್ನುತ್ತದೆ ಆ ಕಥೆ.

ಬಾಡಿಗೆ ಮನೆಯ ಶಾಲೆ

1892ರಲ್ಲಿ ಉರ್ವ ಚಿಲಿಂಬಿಯಲ್ಲಿ, ಬಾಡಿಗೆ ಮನೆಯೊಂದರಲ್ಲಿ, ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಮಕ್ಕಳನ್ನು ಕರೆತರುವುದು ಮೊದಲ ಕಷ್ಟ. ಹೊಲಗದ್ದೆಯಲ್ಲಿ, ದನ ಕಾಯುವುದರಲ್ಲಿ ಮಗು ದುಡಿಯದಿದ್ದರೆ ಆ ಮನೆಯ ಗಂಜಿಗೆ ಕಡಿಮೆ ಬೀಳುತ್ತಿತ್ತು. ರಂಗರಾಯರು ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟರು, ಬಂದದ್ದಕ್ಕೆ ಪುಡಿಗಾಸನ್ನೂ ಕೊಟ್ಟರು. ಅಕ್ಷರ ದಾಸೋಹದ ಬಿಸಿಯೂಟ ತಿಂದು ಬೆಳೆದ ನಮ್ಮ ತಲೆಮಾರಿಗೆ ಇದು ಹೊಸದಲ್ಲ. ಆ ಕಾಲಕ್ಕೆ ಅದು ಒಬ್ಬ ವಕೀಲರ ಜೇಬಿನ ಹಣ.

ಎರಡನೆಯ ಕಷ್ಟ ಶಿಕ್ಷಕರದ್ದು. ಮೇಲ್ಜಾತಿಯ ಮೇಷ್ಟರುಗಳು ಅಲ್ಲಿ ಪಾಠ ಮಾಡಲು ಬರಲಿಲ್ಲ. ಆಗ ಕ್ರೈಸ್ತ ಶಿಕ್ಷಕರು ಬಂದು ಕಲಿಸಿದರು. ಶಾಲೆ ತೆರೆದವರು ಬ್ರಹ್ಮಸಮಾಜದವರು, ಕಲಿಸಿದವರು ಕ್ರೈಸ್ತರು, ಕಲಿತವರು ದೈವಾರಾಧನೆಯ ಮನೆಗಳಿಂದ ಬಂದ ತುಳು ಮಾತಿನ ಮಕ್ಕಳು. ಒಂದೇ ಚಾವಡಿಯಲ್ಲಿ ಮೂರು ಬಗೆಯ ನಂಬಿಕೆ. ಯಾರೂ ಯಾರ ದೇವರನ್ನೂ ಬಿಡಬೇಕಾಗಿರಲಿಲ್ಲ.

ಮೂರನೆಯ ಕಷ್ಟ ಊರಿನದು. ಕಲ್ಲು ಬಿತ್ತು. ಮನೆ ಮಾಲೀಕರು ಖಾಲಿ ಮಾಡಿಸಿದರು. ಶಾಲೆ ಒಂದು ಬೀದಿಯಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆ ಕಂಡಿತು. ಸ್ವಂತ ಸಮುದಾಯದವರು ರಂಗರಾಯರ ಮನೆಗೆ ಬಹಿಷ್ಕಾರ ಹಾಕಿದರು. ಅವರು ಹಿಂದೆ ಸರಿಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಮಿಷನ್ ಎಂಬ ಪದವನ್ನೇ ಅವರು ಪಾದ್ರಿಗಳಿಂದ ಎರವಲು ಪಡೆದರು. ಸೇವೆಯ ಕ್ರಮವನ್ನೂ ಅವರಿಂದ ಕಲಿತರು. ಮತಾಂತರದ ಭಾಗವನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ಶಾಲೆಯ ಜೊತೆಗೆ ನೇಯ್ಗೆ, ಮರಗೆಲಸದ ತರಬೇತಿ ಬಂತು. ದೂರದ ಮಕ್ಕಳಿಗೆ ವಿದ್ಯಾರ್ಥಿನಿಲಯ ಬಂತು. ಉಡುಪಿ, ಮುಲ್ಕಿಯ ಕಡೆಗೂ ಶಾಲೆಗಳು ಹಬ್ಬಿದವು. ಮನೆ ಕಟ್ಟಿಕೊಳ್ಳಲು ನೆಲ ಕೊಡಿಸಲು ಸರ್ಕಾರದ ಕಚೇರಿಗಳಿಗೆ ಅಲೆದರು. ಶಾಲೆಯೊಂದನ್ನು ನಡೆಸಿದರೆ ಸಾಲದು, ತೀರ್ಮಾನ ಮಾಡುವ ಜಾಗದಲ್ಲಿ ಆ ಜನರೇ ಕೂರಬೇಕೆಂದು ಜಿಲ್ಲಾ ಬೋರ್ಡು ಮತ್ತು ಪುರಸಭೆಯಲ್ಲಿ ದಲಿತರಿಗೆ ಪ್ರಾತಿನಿಧ್ಯ ಕೇಳಿದರು.

ಸರ್ಕಾರವೂ ಈ ಹೊತ್ತಿಗೆ ನಿಧಾನವಾಗಿ ಎಚ್ಚೆತ್ತುಕೊಳ್ಳುತ್ತಿತ್ತು. ಚಿಲಿಂಬಿಯ ಶಾಲೆ ತೆರೆದ ಮರುವರ್ಷ, 1893ರಲ್ಲಿ, ಮದರಾಸು ಸರ್ಕಾರ ಪಂಚಮರೆಂದು ಕರೆಯುತ್ತಿದ್ದ ಸಮುದಾಯಗಳ ಶಿಕ್ಷಣಕ್ಕೆ ವಿಶೇಷ ನೆರವಿನ ಆದೇಶ ಹೊರಡಿಸಿತು. ಪ್ರತ್ಯೇಕ ಶಾಲೆಗಳಿಗೆ ಬಲ ಸಿಕ್ಕಿತು. ಇಲ್ಲಿ ಒಂದು ತೊಡಕೂ ಇದೆ. ಪ್ರತ್ಯೇಕ ಶಾಲೆ ಅಕ್ಷರ ಕೊಟ್ಟಿತು, ಆದರೆ ಊರ ಶಾಲೆಯ ಬಾಗಿಲು ಹಾಗೇ ಮುಚ್ಚಿರಲು ಒಂದು ನೆಪವನ್ನೂ ಕೊಟ್ಟಿತು. ನಿಮ್ಮದೇ ಶಾಲೆ ಇದೆಯಲ್ಲ, ಇಲ್ಲಿಗೆ ಯಾಕೆ ಬರುತ್ತೀರಿ ಎನ್ನುವುದು ಸುಲಭವಾಯಿತು. ರಂಗರಾಯರ ಕೆಲಸ ಎಷ್ಟೇ ದೊಡ್ಡದಾದರೂ ಈ ತೊಡಕನ್ನು ಒಬ್ಬ ವ್ಯಕ್ತಿಯ ಶಾಲೆ ಬಿಡಿಸಲಾರದು. ಅದಕ್ಕೆ ರಾಜ್ಯವೇ ಬದಲಾಗಬೇಕಿತ್ತು.

ಮನೆಯೊಳಗೆ, ಕೊನೆಯಲ್ಲಿ

ಊರಿಗೆ ಹೇಳಿದ್ದನ್ನು ಅವರು ಮನೆಯಲ್ಲೂ ಮಾಡಿದರು. ವಿಧವೆಯಾದ ಮಗಳು ರಾಧಾಬಾಯಿಯನ್ನು ಓದಿಸಿದರು, ಜಾತಿಯ ಹೊರಗೆ ಮರುಮದುವೆ ಮಾಡಿದರು. ವರ ಪಿ. ಸುಬ್ಬರಾಯನ್, ಮುಂದೆ 1926ರಲ್ಲಿ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದವರು. ರಾಧಾಬಾಯಿ ಸುಬ್ಬರಾಯನ್ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದರು.

ರಂಗರಾಯರಿಗೆ ಸರ್ಕಾರ ರಾವ್ ಸಾಹೇಬ್ ಬಿರುದು ಕೊಟ್ಟಿತು. ಅವರಿಗೆ ಬೇಕಾಗಿದ್ದ ಗೌರವ ಬೇರೆ. ತನ್ನ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಅಧಿಕಾರಿಯಾಗಿ ಮೋಟಾರಿನಲ್ಲಿ ಈ ರಸ್ತೆಯಲ್ಲಿ ಹಾದುಹೋಗಬೇಕು, ಆ ಗಾಲಿಯ ಧೂಳು ತನ್ನ ತಲೆಗೆ ತಾಗಿದರೆ ಬಾಳು ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. 1927ರಲ್ಲಿ ಸಂನ್ಯಾಸ ಪಡೆದು ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣವನ್ನು ತೋಟಿಗಳು, ಅಂದರೆ ಊರಿನ ಮಲ ಹೊರುತ್ತಿದ್ದವರು, ಹೊರಬೇಕೆಂದು ಕೇಳಿಕೊಂಡಿದ್ದರು. ಹಾಗೆಯೇ ನಡೆಯಿತು.

ತರಗತಿಯಲ್ಲಿ

ಪಾಠ ಮುಗಿಯುತ್ತಿದ್ದಂತೆ ಪ್ರಶ್ನೆಗಳಿಗೆ 10 ನಿಮಿಷ ಬಿಟ್ಟಿದ್ದೆ. ಹಿಂದಿನ ಬೆಂಚಿನಿಂದ ಒಂದು ಹುಡುಗಿ, ಮಿಸ್, ಆ ಧಾರವಾಡದ ಹುಡುಗ ಕೊನೆಗೆ ಶಾಲೆಗೆ ಸೇರಿದನಾ ಎಂದು ಕೇಳಿದಳು. ನಾನು ಕಪ್ಪುಹಲಗೆಯ ಮೇಲೆ 1856 ಎಂದು ಬರೆದು, ಅದರ ಕೆಳಗೆ 1950 ಎಂದು ಬರೆದೆ. ಸಂವಿಧಾನದ 29ನೆಯ ವಿಧಿ ಅವನಿಗೆ ಕೊಟ್ಟ ಉತ್ತರ ಎಂದೆ: ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ಯಾವ ಶಾಲೆಯೂ ಧರ್ಮ, ಜಾತಿ, ಭಾಷೆಯ ಕಾರಣಕ್ಕಷ್ಟೇ ಯಾರನ್ನೂ ಹೊರಗಿಡುವಂತಿಲ್ಲ. ಕಳೆದು ನೋಡಿ ಎಂದೆ. ಮಕ್ಕಳು ಕಳೆದರು, 94 ವರ್ಷ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು.

ಆಮೇಲೆ ಆ ಹುಡುಗನೇ ಎದ್ದು ನಿಂತ. ಪ್ರಾರ್ಥನೆಯ ದಿನದಿಂದ ಅವನು ನನ್ನ ಕಡೆ ನೋಡಿರಲಿಲ್ಲ. ರಂಗರಾಯರ ಶಾಲೆಯಲ್ಲಿ ಮಕ್ಕಳು ಯಾವ ಪ್ರಾರ್ಥನೆ ಹೇಳಬೇಕಿತ್ತು ಎಂದು ಕೇಳಿದ. ಅದನ್ನು ನಾನು ಎಲ್ಲೂ ಓದಿರಲಿಲ್ಲ. ಓದಿಲ್ಲ ಎಂದೇ ಹೇಳಿದೆ. ಆದರೆ ನಿನ್ನ ಶಾಲೆಯ ಬಗ್ಗೆ ಹೇಳಬಲ್ಲೆ ಎಂದು 28ನೆಯ ವಿಧಿಯನ್ನು ಸರಳವಾಗಿ ಬರೆದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಧರ್ಮಬೋಧನೆ, ಪ್ರಾರ್ಥನೆ ಇರಬಹುದು. ಆದರೆ ಅದರಲ್ಲಿ ಪಾಲ್ಗೊಳ್ಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ, ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಕೇರಳದ ಮೂವರು ಮಕ್ಕಳ ಮೊಕದ್ದಮೆಯನ್ನೂ ಹೇಳಿದೆ. ತಮ್ಮ ನಂಬಿಕೆಯ ಕಾರಣ ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದು ನಿಂತಿದ್ದ ಆ ಮಕ್ಕಳನ್ನು ಶಾಲೆಯಿಂದ ತೆಗೆದದ್ದು ತಪ್ಪೆಂದು 1986ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹಾಗಾದರೆ ಆ ದಿನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದ್ದು ನಾನು, ನೀನಲ್ಲ ಎಂದು ಎಲ್ಲರೆದುರೇ ಹೇಳಿದೆ. ಎಲ್ಲರೆದುರು ಮಾಡಿದ ತಪ್ಪನ್ನು ಎಲ್ಲರೆದುರೇ ಒಪ್ಪಿಕೊಳ್ಳಬೇಕಲ್ಲ. ಅವನು ಏನೂ ಹೇಳದೆ ಕುಳಿತ. ಮರುದಿನ ಕಾರಿಡಾರಿನಲ್ಲಿ ನಮಸ್ತೆ ಮಿಸ್ ಎಂದ. ಅಷ್ಟೇ ಆದದ್ದು.

ನಾನು ಕಲಿತದ್ದು

ನಮ್ಮ ತುಮಕೂರು ರಸ್ತೆಯಲ್ಲೇ ಮುಂದೆ ಹೋದರೆ ಸಿದ್ಧಗಂಗೆ ಸಿಗುತ್ತದೆ. ಜಾತಿ ಮತ ಕೇಳದೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಮಠ. ನಮ್ಮ ಕಡೆ ಮಠದಲ್ಲಿ ಓದಿದೆ ಎಂದು ಹೆಮ್ಮೆಯಿಂದ ಹೇಳುವ ಹಿರಿಯರು ಪ್ರತಿ ಬೀದಿಯಲ್ಲಿದ್ದಾರೆ. ಕಾನ್ವೆಂಟಿನಲ್ಲಿ ಓದಿದವರೂ ಇದ್ದಾರೆ. ಕರ್ನಾಟಕದ ಶಾಲಾ ಚರಿತ್ರೆಯಿಂದ ಮಠ, ಮಿಷನ್, ಮದರಸಾ, ಸಮಾಜಗಳನ್ನು ತೆಗೆದರೆ ಉಳಿಯುವುದು ತೀರ ಸ್ವಲ್ಪ. ಆದ್ದರಿಂದ ಜಾತ್ಯತೀತ ರಾಜ್ಯದಲ್ಲಿ ಧಾರ್ಮಿಕ ಶಾಲೆ ಇರಬೇಕೇ ಬೇಡವೇ ಎಂದು ಚರ್ಚಾಸ್ಪರ್ಧೆಯಲ್ಲಿ ಪರ ವಿರೋಧ ಮಾಡಿಸುವುದರಿಂದ ಹೆಚ್ಚು ಉಪಯೋಗವಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ರಂಗರಾಯರ ಬದುಕು ಬೇರೆ ಮೂರು ಪ್ರಶ್ನೆಗಳನ್ನು ಕೊಡುತ್ತದೆ. ಈ ಶಾಲೆಯ ಬಾಗಿಲೊಳಗೆ ಯಾರು ಬರಬಹುದು? ಒಳಗೆ ಉಳಿಯಲು ಮಗು ತನ್ನದೇನನ್ನಾದರೂ ಬಿಡಬೇಕೇ? ಅನ್ಯಾಯವಾದರೆ ಆ ಮನೆಯವರು ಕೇಳಲು ಒಂದು ಜಾಗವಿದೆಯೇ?

ಧಾರವಾಡದ ಸರ್ಕಾರಿ ಶಾಲೆ ಮೊದಲ ಪ್ರಶ್ನೆಯಲ್ಲೇ ಸೋತಿತು. ಮಿಷನ್ ಶಾಲೆಗಳು ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ತಡವರಿಸಿದವು. ರಂಗರಾಯರು ಎರಡರಲ್ಲೂ ಗೆದ್ದರು. ಅವರ ಧರ್ಮ ಶಾಲೆ ಕಟ್ಟಲು ಅವರಿಗೆ ಕಾರಣವಾಗಿತ್ತು, ಮಕ್ಕಳು ಕಟ್ಟಬೇಕಾದ ಶುಲ್ಕವಾಗಿರಲಿಲ್ಲ. ಮೂರನೆಯದು ಮಾತ್ರ ಯಾವ ಒಳ್ಳೆಯ ವ್ಯಕ್ತಿಯ ಕೈಯಲ್ಲೂ ಇಲ್ಲ. ಬೋರ್ಡಿನಲ್ಲಿ ದಲಿತರಿಗೆ ಸ್ಥಾನ ಕೇಳಿದಾಗ ರಂಗರಾಯರಿಗೆ ಅದು ತಿಳಿದಿತ್ತು. ಅದನ್ನು ಕೊಡಬೇಕಾದದ್ದು ರಾಜ್ಯ. ಧಾರ್ಮಿಕ ಶಾಲೆಗೆ ಸರ್ಕಾರ ಸಂಬಳ ಕೊಡುವಾಗ ಈ ಮೂರನ್ನೂ ಕೇಳುವ ಹಕ್ಕನ್ನು ಪಡೆಯುತ್ತದೆ. ಸರ್ಕಾರಿ ಶಾಲೆಗೂ ಇದೇ ಮೂರು ಪ್ರಶ್ನೆಗಳಿಂದ ವಿನಾಯಿತಿ ಇಲ್ಲ.

ಈ ಪಾಠ ಮಾಡಲಿರುವ ಸಹಪಾಠಿಗಳಿಗೆ ಮೂರು ಮಾತು. ನಕ್ಷೆಯಲ್ಲಿ ಧಾರವಾಡ, ಮಂಗಳೂರು, ಕಾಸರಗೋಡುಗಳನ್ನು ಗುರುತಿಸಿ, ಆಗ ಅವು ಯಾವ ಪ್ರಾಂತ್ಯದಲ್ಲಿದ್ದವು ಎಂದು ಬರೆಸಿ. ಮುಂಬಯಿ, ಮದರಾಸು ಸರ್ಕಾರಗಳು ಬೇರೆಬೇರೆ ಎಂಬುದು ಆಗ ಮಕ್ಕಳಿಗೆ ತಿಳಿಯುತ್ತದೆ. ಚಟುವಟಿಕೆಯಾಗಿ 1892ರ ಬಾಡಿಗೆ ಮನೆಯ ಶಾಲೆಗೆ ಏನೇನು ಬೇಕಿತ್ತು ಎಂಬ ಪಟ್ಟಿ ಮಾಡಿಸಿ. ಸ್ಲೇಟು, ಚಾಪೆಯಿಂದ ಆರಂಭಿಸುವ ಮಕ್ಕಳು ಊಟಕ್ಕೆ, ಆಮೇಲೆ ಧೈರ್ಯವಿರುವ ಮೇಷ್ಟರಿಗೆ ತಾವಾಗಿಯೇ ಬರುತ್ತಾರೆ. ಜಾತಿಯ ಹೆಸರುಗಳನ್ನು ಹೇಳುವಾಗ ಯಾವ ಮಗುವಿನ ಕಡೆಯೂ ತರಗತಿಯ ಕಣ್ಣು ತಿರುಗದಂತೆ ನೋಡಿಕೊಳ್ಳಿ.

ಪ್ರಾರ್ಥನೆಯ ಸರದಿ ನನಗೆ ಇನ್ನೊಮ್ಮೆ ಬಂತು. ಅವನು ಎಂದಿನಂತೆ ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದ. ಸಾಲು ನೇರವಾಗಿದೆಯೇ ಎಂದಷ್ಟೇ ನೋಡಿ, ನಾನು ಮುಂದಿನ ಸಾಲಿಗೆ ಹೋದೆ.